ಮಂಗಳವಾರ, ಶುಕ್ರವಾರ, ಒಂದು ಸೋಮವಾರ

ಮಹಡಿ ಮೇಷ್ಟ್ರ ಬಲಗೈ ತೋರುಬೆರಳಿನ ತುದಿಯಲ್ಲಿ ಹುರುಳಿಕಾಳಿನಷ್ಟು ಜಾಗ ಗಟ್ಟಿಯಾಗಿ, ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ತಂತಿಗೆ ತಂತಿ ಬೆಸೆಯುವಾಗ ಕಾದ ಸೀಸ ವರ್ಷಗಟ್ಟಲೆ ತಾಗಿ ತಾಗಿ, ಆ ಬೆರಳಿಗೆ ಬಿಸಿ ಯಾವುದು ತಂಪು ಯಾವುದು ಎಂಬ ಭೇದವೇ ಹೊರಟುಹೋಗಿತ್ತು. ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದರೆ ಬೇರೆಯವರ ಹಾಗೆ ಲೋಟದ ಕಂಠ ಹಿಡಿಯುತ್ತಿರಲಿಲ್ಲ. ಆ ಬೆರಳನ್ನು ಲೋಟದ ಮೈಗೆ ಒತ್ತಿ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಒಲೆಯ ಮೇಲಿದ್ದ ಇಡ್ಲಿ ತಟ್ಟೆಯನ್ನೇ ಹಾಗೆ ಜರುಗಿಸಿದ್ದನ್ನು ಕಂಡ ನಮ್ಮತ್ತೆ, ಇವರಿಗೆ ಹೆಂಡತಿಯೂ ಬೇಡ ಇಕ್ಕಳವೂ ಬೇಡ ಎಂದು ನಕ್ಕಿದ್ದರು.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಮದುವೆಯಾಗಿ ಮೈಸೂರಿನ ನಜರ್‌ಬಾದಿನ ಆ ಮನೆಗೆ ಬಂದಾಗ ಮೇಷ್ಟ್ರು ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಊರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಎಂದರೆ ಪಾಠ ಹೇಳುವವರಲ್ಲ, ಪ್ರಯೋಗಕ್ಕೆ ಉಪಕರಣ ಜೋಡಿಸಿ ಕೊಡುವವರು. ಆದರೂ ನಮ್ಮ ಬೀದಿಯವರೆಲ್ಲರ ಬಾಯಲ್ಲಿ ಅವರು ಮೇಷ್ಟ್ರೇ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹಾಸನದ ಕಡೆ ಒಬ್ಬ ಅಕ್ಕ ಇದ್ದರು, ಅಷ್ಟೆ. ತಮಗಿಂತ ಚಿಕ್ಕವರೆಲ್ಲ ಓದಿ ಮುಂದೆ ಹೋದ ಮೇಲೆ ಇವರು ಡಾಕ್ಟರೇಟಿಗೆ ಹೆಸರು ಬರೆಸಿದ್ದರು. ಕಾಲೇಜಿನಲ್ಲಿ ಸ್ವಂತ ಕೆಲಸಕ್ಕೆ ಒಂದು ಮೇಜು ಸಿಗದೆ, ಹಳೆಯ ರೇಡಿಯೋ, ತಂತಿಸುರುಳಿ, ಬ್ಯಾಟರಿ ಎಲ್ಲವನ್ನೂ ಮಹಡಿಯ ಕೋಣೆಯಲ್ಲೇ ಹೂಡಿಕೊಂಡಿದ್ದರು.

ನಮ್ಮದು ಮಂಡ್ಯದ ಕಡೆಯ ಹಳ್ಳಿಯಿಂದ ಬಂದ ಒಕ್ಕಲಿನ ಮನೆ. ಮಾವ ತೀರಿಕೊಂಡಿದ್ದರು. ಅತ್ತೆ, ನಮ್ಮ ಯಜಮಾನರು, ಶಾಲೆಗೆ ಹೋಗುವ ಇಬ್ಬರು ನಾದಿನಿಯರು, ನಾನು. ನಾನು ಕಾನ್ವೆಂಟಿನಲ್ಲಿ ಓದಿದವಳು. ಪಿಯಾನೋ ಕೇಳಿದ್ದೆ, ಸಿಸ್ಟರುಗಳ ಕೈಯಲ್ಲಿ ಅಕ್ಷರ ತಿದ್ದಿದ್ದೆ. ಒನಕೆ ಹಿಡಿದಿರಲಿಲ್ಲ. ಅತ್ತೆ ಅದಕ್ಕಾಗಿ ನನ್ನನ್ನು ಗದರಿದವರಲ್ಲ. ಆದರೆ ಕೆಲವು ಸಲ ನನ್ನ ಕೈಯ ಕಡೆ ನೋಡಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದು ಗದರಿಕೆಗಿಂತ ಹೆಚ್ಚು ಕೇಳಿಸುತ್ತಿತ್ತು.

ಮಹಡಿಯಿಂದ ಒಂದು ಸದ್ದು ಬರುತ್ತಿತ್ತು. ಊಂ ಎಂದು ಒಂದೇ ಸಮನೆ ಎಳೆದ ಸದ್ದು. ಕೆಲವು ದಿನ ಅದು ನಡುಗಿ, ಊಂವ್ ಊಂವ್ ಊಂವ್ ಎಂದು ಏರಿ ಇಳಿಯುತ್ತಿತ್ತು. ಅತ್ತೆಗೆ ಅದು ಮೇಷ್ಟ್ರ ಹಸು. ಸದ್ದು ನಡುಗತೊಡಗಿದರೆ ಅವರು ಸೊಪ್ಪು ಬಿಡಿಸುತ್ತಾ ತಲೆಯೆತ್ತದೆ ಹೇಳುತ್ತಿದ್ದರು:

"ಇವತ್ತು ಮೇಷ್ಟ್ರ ಹಸ ಕರ ಕಳ್ಕೊಂಡದೆ ನೋಡು."

ಆ ಹಸುವಿನ ಗುಟ್ಟು ನನಗೆ ತಿಳಿದದ್ದು ಖಾರದ ಪುಡಿ ಕುಟ್ಟಿದ ದಿನ. ಹಿತ್ತಲಿನ ಒರಳಿನ ಆಚೆ ಈಚೆ ಅತ್ತೆಯೂ ಕೆಲಸದಾಕೆಯೂ ನಿಂತು ಒನಕೆ ಹಾಕುತ್ತಿದ್ದರು. ಮೇಷ್ಟ್ರು ಮೆಟ್ಟಿಲು ಇಳಿದು ಬಂದವರು ಗಡಿಯಾರ ಹಿಡಿದು ಅಲ್ಲೇ ನಿಂತುಬಿಟ್ಟರು. ಘಾಟಿಗೆ ಕಣ್ಣಲ್ಲಿ ಮೂಗಲ್ಲಿ ನೀರು, ಬಾಯಲ್ಲಿ ಎಣಿಕೆ.

"ಖಾರ ಕುಟ್ಟೋದೂ ಕಾಲೇಜಲ್ಲಿ ಪರೀಕ್ಷೆಗೆ ಬತ್ತದಾ ಮೇಷ್ಟ್ರೇ?" ಎಂದರು ಅತ್ತೆ.

"ಇದೇ ನನ್ನ ಪರೀಕ್ಷೆ ಅಮ್ಮಾವ್ರೇ. ದಯವಿಟ್ಟು ನಿಲ್ಲಿಸ್ಬೇಡಿ," ಎಂದು ಮೇಷ್ಟ್ರು ಸೀನಿದರು.

ಆಮೇಲೆ ಕೆಲಸದಾಕೆಗೆ ಬೇಕೆಂದೇ ಒಂದಿಷ್ಟು ನಿಧಾನ ಮಾಡಲು ಹೇಳಿದರು. ಆಕೆ ಎಷ್ಟು ಪ್ರಯತ್ನಪಟ್ಟರೂ ನಾಲ್ಕು ಪೆಟ್ಟಿನೊಳಗೆ ಅತ್ತೆಯ ವೇಗಕ್ಕೇ ಬಂದು ಸೇರಿಕೊಳ್ಳುತ್ತಿದ್ದಳು. ಇನ್ನೂ ನಿಧಾನ, ಇನ್ನೂ ನಿಧಾನ ಎಂದು ಮೇಷ್ಟ್ರು ಹೇಳುತ್ತಾ ಹೋದಂತೆ, ಒಂದು ಹಂತದಲ್ಲಿ ಲಯ ತಪ್ಪಿ ಎರಡು ಒನಕೆಗಳ ಕಬ್ಬಿಣದ ಬಳೆಗಳು ಟಣ್ಣನೆ ಬಡಿದುಕೊಂಡವು. ಅತ್ತೆ ಇಬ್ಬರನ್ನೂ ಸೇರಿಸಿ ಬೈದರು. ಮೇಷ್ಟ್ರ ಮುಖ ಮಾತ್ರ ಹಬ್ಬದ ದಿನದ ಹಾಗಿತ್ತು. ಮೆಟ್ಟಿಲ ಮೇಲೆ ಕುಳಿತು ಮೂಗು ಒರೆಸಿಕೊಳ್ಳುತ್ತಾ ನನಗೆ ಹೇಳಿದರು:

"ಯಾರೂ ಹೇಳ್ಕೊಟ್ಟಿಲ್ಲ, ಯಾರೂ ಎಣಿಸ್ತಾ ಇಲ್ಲ. ಹತ್ತಿರ ಹತ್ತಿರ ಇದ್ರೆ ಚಿಕ್ಕದು ದೊಡ್ಡದರ ಲಯಕ್ಕೆ ತಾನೇ ಬಂದು ಬೀಳತ್ತೆ. ದೂರ ಹೋದ್ರೆ ಬಿಟ್ಟುಹೋಗತ್ತೆ. ಎಲ್ಲೀವರೆಗೆ ಹಿಡ್ಕೊಳತ್ತೆ, ಎಲ್ಲಿ ಬಿಡತ್ತೆ, ಆ ಗೆರೆ ಎಲ್ಲಿದೆ ಅಂತ ನೋಡೋದೇ ನನ್ನ ಕೆಲಸ ಕಣಮ್ಮ."

ಮಹಡಿಯಲ್ಲಿಯೂ ಎರಡು ಒನಕೆಗಳಿದ್ದವು ಎಂದು ಅಂದು ನನಗೆ ಅರ್ಥವಾಯಿತು. ಒಂದು, ಕದಲದೆ ಒಂದೇ ಸ್ವರ ಹಿಡಿಯುವ ದೊಡ್ಡ ಪೆಟ್ಟಿಗೆ. ಇನ್ನೊಂದು, ಮೇಷ್ಟ್ರು ಟ್ರಾನ್ಸಿಸ್ಟರಿನಿಂದ ತಾವೇ ಕಟ್ಟಿದ ಚಿಕ್ಕದು. ಟ್ರಾನ್ಸಿಸ್ಟರೆಂದರೆ ಮೆಣಸಿನಕಾಳಿನ ಗಾತ್ರದ ಲೋಹದ ಟೋಪಿ, ಮೂರು ಕೂದಲಿನಂಥ ಕಾಲು. ಆಗ ಅದು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಪರದೇಶದಲ್ಲಿದ್ದ ಗೆಳೆಯರೊಬ್ಬರಿಗೆ ಬರೆದು ಬರೆದು ತರಿಸಿಕೊಂಡಿದ್ದರು. ಚಿಕ್ಕದು ದೊಡ್ಡದರ ಲಯಕ್ಕೆ ಬಿದ್ದಾಗ ಸದ್ದು ಒಂದೇ ಸಮ. ಕಳಚಿಕೊಂಡಾಗ ಎರಡೂ ಸ್ವರ ಒಂದರ ಮೇಲೊಂದು ಹೊರಳಿ ಊಂವ್ ಊಂವ್.

ಒಂದು ಮಾತು ಆಗಲೇ ಹೇಳಿದ್ದರು. ಈ ಟ್ರಾನ್ಸಿಸ್ಟರಿಗೆ ಶಾಖ ಆಗದು, ತುಸು ಬೆಚ್ಚಗಾದರೂ ಅದರ ಸ್ವರ ಜಾರುತ್ತದೆ. ಅದಕ್ಕೇ ಕಿಟಕಿಯ ಬಿಸಿಲಿನಿಂದ ಮೇಜನ್ನು ದೂರ ಒಯ್ದು ಒಳಗಿನ ಗೋಡೆಗೆ ಒತ್ತಿ ಇಟ್ಟಿದ್ದರು. ಕಿಟಕಿಯ ಪಕ್ಕ ಥರ್ಮಾಮೀಟರು ನೇತಾಡುತ್ತಿತ್ತು. ಅದು ಏರದಂತೆ ಪರದೆ ಎಳೆದು ಕತ್ತಲಲ್ಲಿ ಕೂರುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಅವರ ಚಿಕ್ಕ ಪೆಟ್ಟಿಗೆ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಕಾಲೇಜಿಗೆ ಹೊರಡುವ ಮುನ್ನ, ದಿನವೂ ಒಂದೇ ಪ್ರಯೋಗ. ಎರಡು ಮೂರು ದಿನ ಒಂದೇ ಸಮನೆ ಹಿಡಿದದ್ದು ಮರುದಿನ ಎಂಟೂವರೆಗೆ ಬಿಟ್ಟುಬಿಡುತ್ತಿತ್ತು. ಯಾಕೆಂದು ತಿಳಿಯದು. ಟ್ರಾನ್ಸಿಸ್ಟರೇ ಕೆಟ್ಟದ್ದೆಂದು ಕಿತ್ತು ಹೊಸದು ಹಾಕಿದರು, ಅದೂ ಹಾಗೆಯೇ ಮಾಡಿತು. ಅವರ ಮೇಲ್ವಿಚಾರಣೆಯ ಪ್ರೊಫೆಸರು, ಒಂದು ದಿನ ಬಂದು ಒಂದು ದಿನ ಬಾರದೇ ಇರುವುದು ಭೌತಶಾಸ್ತ್ರವೋ ಪಂಚಾಂಗವೋ ಎಂದು ಎಲ್ಲರೆದುರು ಕೇಳಿದ್ದರಂತೆ. ಆ ಕೆಟ್ಟ ದಿನಗಳನ್ನು ಬಿಟ್ಟು ಬರೆಯಿರಿ, ಯಾರು ಕೇಳುತ್ತಾರೆ ಎಂದೂ ಬುದ್ಧಿ ಹೇಳಿದ್ದರಂತೆ. ಇದನ್ನು ಹೇಳುವಾಗ ಮೇಷ್ಟ್ರು ಕಾಫಿಯನ್ನು ಆರಲು ಬಿಟ್ಟಿದ್ದರು. ಅದು ಅವರ ವಾಡಿಕೆಯಲ್ಲ.

"ಬಿಟ್ಟು ಬರೆದ್ರೆ ಪಾಸಾಗ್ತೀನಿ. ಆದ್ರೆ ಆಮೇಲೆ ನನ್ನ ಪುಸ್ತಕಾನ ನಾನೇ ನಂಬೋದು ಹೇಗಮ್ಮ?"

ಹೊರಗಿನ ಊರಿನಿಂದ ಪರೀಕ್ಷಕರೊಬ್ಬರು ಬಂದು ಪ್ರಯೋಗವನ್ನು ಕಣ್ಣಾರೆ ನೋಡುವುದೆಂದು ಗೊತ್ತಾಯಿತು. ಅಂದು ಕೆಟ್ಟರೆ ಮತ್ತೆ ಅವಕಾಶವಿಲ್ಲ ಎಂದು ಪ್ರೊಫೆಸರು ಮೊದಲೇ ಹೇಳಿದ್ದರು. ಪರೀಕ್ಷಕರಿಗೆ ಕೊಡಲು, ದಿನದಿನದ ಅಂಕಿ ಬರೆದಿಟ್ಟ ಪುಸ್ತಕದ ಶುದ್ಧಪ್ರತಿ ಬೇಕಿತ್ತು. ಮೇಷ್ಟ್ರ ಬರಹವೋ ಇರುವೆ ಸಾಲು. ಅತ್ತೆಯ ಬಳಿ ಬಂದು, ನಿಮ್ಮ ಸೊಸೆಯ ಅಕ್ಷರ ಚೆನ್ನಾಗಿದೆ, ಅಂಕಿಗಳನ್ನು ಬರೆದುಕೊಟ್ಟರೆ ಉಪಕಾರವಾಗುತ್ತದೆ ಎಂದು ಸಂಕೋಚದಿಂದ ಕೇಳಿದರು. ಅತ್ತೆ ನನ್ನ ಕೈಯ ಕಡೆ ನೋಡಿದರು. ಈ ಸಲ ಸುಮ್ಮನಾಗಲಿಲ್ಲ.

"ಬರ್ಕೊಡ್ಲಿ ಬುಡಿ. ಒನಕೆಗಲ್ದಿದ್ರೂ ಇದ್ಕಾದ್ರೂ ಆಗ್ಲಿ. ಜಗಲಿ ಮೇಲೆ ಕುಂತ್ಕಂಡು ಬರೀಲಿ."

ಹೀಗೆ ಮೂರು ತಿಂಗಳ ಬೆಳಗುಗಳು ನನ್ನ ಕೈಗೆ ಬಂದವು. ಎಡಗಡೆ ತಾರೀಖು, ಆಮೇಲೆ ಅಂಕಿಗಳು, ಬಲತುದಿಯಲ್ಲಿ ಕೆಟ್ಟ ದಿನಕ್ಕೆ ಪೆನ್ಸಿಲಿನ ಪುಟ್ಟ ಗುಣಾಕಾರ ಚಿಹ್ನೆ. ಕಾರಣ ತಿಳಿಯದ ದಿನಕ್ಕೆ ಮಾತ್ರ ಆ ಗುರುತು. ವಿದ್ಯುತ್ ಹೋಗಿದ್ದರೆ, ತಂತಿ ಬಿಟ್ಟಿದ್ದರೆ ಹಾಗೆಂದೇ ಬರೆದಿರುತ್ತಿದ್ದರು. ವಾರದ ಹೆಸರು ಎಲ್ಲಿಯೂ ಇರಲಿಲ್ಲ.

ಒಂದು ಮಂಗಳವಾರ. ನಾನು ತಲೆಗೆ ನೀರು ಹಾಕಿಕೊಂಡು ಕೂದಲಿಗೆ ಟವಲು ಸುತ್ತಿ ಜಗಲಿಯಲ್ಲಿ ಬರೆಯುತ್ತಾ ಕುಳಿತಿದ್ದೆ. ಒಂದು ಹನಿ ಪುಟದ ಮೇಲೆ ಬಿತ್ತು, ಸರಿಯಾಗಿ ಒಂದು ಗುರುತಿನ ಪಕ್ಕದಲ್ಲಿ. ಒತ್ತಿ ಒರೆಸುವಾಗ ಮಹಡಿಯಲ್ಲಿ ಹಸು ನಡುಗತೊಡಗಿತು. ಊಂವ್, ಊಂವ್. ಹಿಂದಿನ ಶುಕ್ರವಾರವೂ ಹೀಗೇ ಕೂದಲು ಒದ್ದೆಯಿದ್ದಾಗ ಕೇಳಿತ್ತಲ್ಲ ಎನಿಸಿತು. ಗೋಡೆಯ ಕ್ಯಾಲೆಂಡರನ್ನು ತಂದು ಮಡಿಲಲ್ಲಿಟ್ಟುಕೊಂಡು ಗುರುತುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದೆ. ಮಂಗಳವಾರ. ಶುಕ್ರವಾರ. ಮತ್ತೆ ಮಂಗಳವಾರ, ಮತ್ತೆ ಶುಕ್ರವಾರ.

ನಮ್ಮ ಮನೆಯಲ್ಲಿ ಹೆಂಗಸರು ತಲೆಗೆ ಎರೆದುಕೊಳ್ಳುವುದು ಆ ಎರಡು ದಿನ. ಬೇರೆ ದಿನ ಬೆಳಗಿನ ಜಾವ ನಾಲ್ಕು ಸೌದೆಯಲ್ಲಿ ಮುಗಿಯುವ ಬಚ್ಚಲೊಲೆ, ಆ ದಿನಗಳಲ್ಲಿ ಹಂಡೆ ತುಂಬಾ ನೀರಿಗೆ ಬೆಳಿಗ್ಗೆ ಹತ್ತರವರೆಗೂ ಉರಿಯುತ್ತಿತ್ತು. ಯಜಮಾನರದು ಶನಿವಾರದ ಎಣ್ಣೆಸ್ನಾನ, ಒಬ್ಬರದೇ ಆದ್ದರಿಂದ ಬೇಗ ಮುಗಿಯುತ್ತಿತ್ತು. ಹೊಗೆ ಹೋಗುವ ಗೂಡನ್ನು ಮಾವ ಗೋಡೆಯ ಒಳಗೇ ಕಟ್ಟಿಸಿದ್ದರು. ಅದು ಮಹಡಿಯ ಕೋಣೆಯ ಒಳಗೋಡೆಯಲ್ಲೇ ಏರಿ ಮಾಡಿಗೆ ಹೋಗುತ್ತಿತ್ತು. ಮೇಷ್ಟ್ರ ಮೇಜು ಇದ್ದದ್ದು ಆ ಗೋಡೆಗೆ. ಅವರು ಬೆಳಗಾಗುವ ಮುಂಚೆ ನಲ್ಲಿಯ ತಣ್ಣೀರಲ್ಲಿ ಮೀಯುವವರು, ನಮ್ಮ ಬಚ್ಚಲುಮನೆಯನ್ನು ಒಮ್ಮೆಯೂ ಕಂಡವರಲ್ಲ.

ಆದರೆ ಮಂಗಳವಾರ, ಶುಕ್ರವಾರ ಎಂದಷ್ಟಕ್ಕೆ ಅದು ಹಂಡೆಯದೇ ಕೆಲಸ ಎಂದು ಹೇಗೆ ಹೇಳುವುದು? ಇಪ್ಪತ್ತು ಚಿಲ್ಲರೆ ಗುರುತುಗಳಲ್ಲಿ ಒಂದು ಮಾತ್ರ ಸೋಮವಾರದ್ದಾಗಿತ್ತು. ಆ ತಾರೀಖಿನ ಮೇಲೆ ನನ್ನ ಬೆರಳು ನಿಂತುಬಿಟ್ಟಿತು. ನನಗೆ ಆ ಸೋಮವಾರ ಚೆನ್ನಾಗಿ ನೆನಪಿತ್ತು. ಮದುವೆಯಾಗಿ ಎರಡು ವರ್ಷಕ್ಕೆ ನಿಂತಿದ್ದ ಬಸಿರು ಮೂರನೆಯ ತಿಂಗಳಲ್ಲಿ ಇಳಿದುಹೋದ ದಿನ ಅದು. ಯಜಮಾನರಿಗೂ ಹೆಚ್ಚು ತಿಳಿಯದ ಹಾಗೆ ಅತ್ತೆ ತಾವೇ ನೀರು ಸೇದಿ ಹಂಡೆ ತುಂಬಿಸಿ ಉರಿ ಹಾಕಿದ್ದರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಚೊಂಬಿನ ಮೇಲೆ ಚೊಂಬು ಬಿಸಿನೀರು ಹುಯ್ದಿದ್ದರು. ಆ ನೀರಿನ ಸದ್ದಿನ ನಡುವೆ ಮೇಲಿನಿಂದ ಊಂವ್ ಊಂವ್ ಎಂದು ಕೇಳಿಸಿದ್ದು ನನಗೆ ಮರೆತಿರಲಿಲ್ಲ.

ವಾರದ ಲೆಕ್ಕ ತಪ್ಪಿದ ಆ ಒಂದು ದಿನವೂ ಹಂಡೆ ಕಾದಿತ್ತು. ಆದ್ದರಿಂದಲೇ ನನಗೆ ಖಂಡಿತವಾಯಿತು. ಆದ್ದರಿಂದಲೇ ಹೇಳುವುದು ಕಷ್ಟವಾಯಿತು.

ಅತ್ತೆಗೆ ಮೊದಲು ಹೇಳಿದೆ. ಮಂಗಳವಾರ, ಶುಕ್ರವಾರ ಎಂದಷ್ಟೇ. ಅವರು ಕೇಳಿಸಿಕೊಂಡು, ಮೂರು ತಿಂಗಳಿಂದ ನಾವು ತಲೆಗೆ ಎರೆದುಕೊಂಡದ್ದಕ್ಕೆ ಆ ಪುಣ್ಯಾತ್ಮ ಮೇಲೆ ಕೂತು ತಲೆ ಚಚ್ಚಿಕೊಂಡನೇ ಎಂದು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದರು.

"ಮೇಷ್ಟ್ರೇ, ನಿಮ್ಮ ಹಸಿನ ಕಾಯಿಲೆ ನಮ್ಮ ಬಚ್ಚಲಲ್ಲದಂತೆ, ಇಳ್ದು ಬನ್ನಿ."

ಮೇಷ್ಟ್ರು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಹಂಡೆ ನೋಡಿದರು, ಉರಿ ನೋಡಿದರು, ಗೂಡಿನ ಬಾಯಿ ನೋಡಿದರು. ತಿರುಗಿ ಮಹಡಿಗೆ ಓಡಿದರು. ಅತ್ತೆ, ಅವರ ಹಿಂದೆ ನಾನು. ಮೇಜಿನ ಹಿಂದೆ ಗೋಡೆಗೆ ಅವರು ತಮ್ಮ ತೋರುಬೆರಳನ್ನು ಒತ್ತಿ ಕಣ್ಣು ಮುಚ್ಚಿದರು.

"ಏನೂ ಇಲ್ಲವಲ್ಲಮ್ಮ. ಮೊದಲೂ ಮುಟ್ಟಿ ನೋಡಿದ್ದೆ," ಎಂದರು.

"ಆ ಬೆರಳಲ್ಲ ಮೇಷ್ಟ್ರೇ. ಅಂಗೈ ಇಡಿ," ಎಂದೆ.

ಅಂಗೈ ಇಟ್ಟರು. ಗೋಡೆ ಹಾಲು ಕಾಯಿಸಿ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿತ್ತು. ಮೇಷ್ಟ್ರು ಕೈ ತೆಗೆಯಲಿಲ್ಲ. ಬಿಸಿಲಿಗೆ ಹೆದರಿ ಮೇಜನ್ನು ತಂದು ಬೆಂಕಿಯ ಪಕ್ಕದಲ್ಲಿಟ್ಟೆನಲ್ಲ ಎಂದು ಆಮೇಲೆ ಮೆಲ್ಲಗೆ ಹೇಳಿದರು. ಪುಸ್ತಕ ತೆರೆದು, ನಾನು ಕೊಟ್ಟ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಂಡು ಗುರುತುಗಳ ಮೇಲೆ ಬೆರಳು ಓಡಿಸಿದರು. ಸೋಮವಾರದಲ್ಲಿ ನಿಂತರು.

"ಇದೊಂದು ಸೋಮವಾರ ಕಣಮ್ಮ. ಅವತ್ತು ಹಂಡೆ ಹಾಕಿದ್ರಾ?"

ನಾನು ಅತ್ತೆಯನ್ನು ನೋಡಿದೆ. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು.

"ಗೊತ್ತಿಲ್ಲ ಮೇಷ್ಟ್ರೇ," ಎಂದೆ.

"ಯಾವ್ದೋ ಒಂದು ಸೋಮಾರ. ಯಾರ್ಗೆ ಗ್ಯಾನ ಇರ್ತದೆ," ಎಂದು ಅತ್ತೆ ಮಾತು ಮುಗಿಸಿದರು.

ಪರೀಕ್ಷಕರು ಬರುವುದು ಆ ವಾರದ ಶುಕ್ರವಾರವೇ. ಅಂದು ಮಧ್ಯಾಹ್ನದವರೆಗೆ ಒಲೆ ಹಚ್ಚುವುದಿಲ್ಲ, ಪೂಜೆ ತಡವಾದರೆ ಲಕ್ಷ್ಮಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅತ್ತೆ ತಾವಾಗಿಯೇ ಹೇಳಿದರು. ಮೇಜನ್ನು ಎದುರಿನ ಗೋಡೆಗೆ ಎಳೆದುಬಿಟ್ಟರೂ ಆಗುತ್ತಿತ್ತು. ಮೇಷ್ಟ್ರು ಎರಡನ್ನೂ ಒಪ್ಪಲಿಲ್ಲ.

"ಹಂಡೆ ತುಂಬಿಸಿ ಚೆನ್ನಾಗಿ ಉರಿ ಹಾಕಿ ಅಮ್ಮಾವ್ರೇ. ಕೆಡೋದನ್ನೇ ತೋರಿಸ್ತೀನಿ ಅವರಿಗೆ. ಯಾಕೆ ಕೆಡತ್ತೆ, ಯಾವಾಗ ಕೆಡತ್ತೆ ಅಂತ ಮೊದಲೇ ಹೇಳಿ ತೋರಿಸ್ತೀನಿ."

ಬುಧವಾರ, ಗುರುವಾರ ಎರಡೂ ದಿನ ಅವರಿಗಾಗಿ ಹಂಡೆ ಕಾಯಿತು. ಥರ್ಮಾಮೀಟರು ಕಿಟಕಿಯಿಂದ ಗೋಡೆಗೆ ಬಂತು. ನಾನು ಕೆಳಗೆ ಉರಿ ನೋಡಿಕೊಳ್ಳುವುದು, ಅವರು ಮೇಲೆ ನೆಲವನ್ನು ಕೋಲಿನಿಂದ ಕುಟ್ಟಿದರೆ ಸೌದೆ ಹಿಂದಕ್ಕೆ ಎಳೆಯುವುದು. ಹಾಗೆ ಮಾಡುವಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಗೋಡೆ ಕಾಯುತ್ತಾ ಯಾವ ಶಾಖದಲ್ಲಿ ಚಿಕ್ಕ ಪೆಟ್ಟಿಗೆ ದೊಡ್ಡದನ್ನು ಬಿಟ್ಟಿತೋ, ಆರುತ್ತಾ ಅದೇ ಶಾಖಕ್ಕೆ ಬಂದಾಗ ಮತ್ತೆ ಹಿಡಿಯುತ್ತಿರಲಿಲ್ಲ. ಇನ್ನೂ ಬಹಳ ಆರಬೇಕಿತ್ತು. ಬಿಟ್ಟ ಜಾಗ ಒಂದು, ಸೇರುವ ಜಾಗ ಇನ್ನೊಂದು. ತಾವು ಮೂರು ವರ್ಷದಿಂದ ಹುಡುಕುತ್ತಿದ್ದ ಗೆರೆ ಒಂದಲ್ಲ, ಎರಡು ಎಂದು ಅವರು ಕೋಲು ಹಿಡಿದುಕೊಂಡೇ ಕೆಳಗಿಳಿದು ಬಂದು ನನಗೂ ಅತ್ತೆಗೂ ಹೇಳಿದರು.

ದಿನವೂ ನಮ್ಮ ಮಾಡಿನಿಂದ ಹೊಗೆ ಏಳುವುದನ್ನು ಕಂಡು ಪಕ್ಕದ ಮನೆಯಾಕೆ ಬೇಲಿಯ ಬಳಿ ನಿಂತು ಕೇಳಿದಳು:

"ಏನ್ ಅಕ್ಕಾ, ದಿನಾ ಹಂಡೆ ಕಾಯ್ತದೆ? ಮನೇಲಿ ಬಾಣಂತಿ ಇದ್ದಾರಾ?"

ನನ್ನ ಕೈಯ ಸೌದೆ ಅಲ್ಲೇ ನಿಂತಿತು. ಅತ್ತೆ ನನ್ನತ್ತ ತಿರುಗಿ ನೋಡದೆ ಒಂದು ಹೆಜ್ಜೆ ಮುಂದೆ ಬಂದು ನನಗೂ ಬೇಲಿಗೂ ನಡುವೆ ನಿಂತರು.

"ಇದಾರಲ್ಲ, ಮಾಡಿ ಮೇಲೆ. ನಮ್ಮ ಮೇಷ್ಟ್ರಿಗೇ ನಾಳೆ ನಾಡಿದ್ದರಲ್ಲಿ ಹೆರಿಗೆ."

ಮಹಡಿಯ ಕಿಟಕಿಯಿಂದ ಮೇಷ್ಟ್ರು ನಕ್ಕದ್ದು ಕೇಳಿಸಿತು. ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಶುಕ್ರವಾರ ಒಂಬತ್ತಕ್ಕೆ ಜಟಕಾ ಬಂದು ನಿಂತಿತು. ಪರೀಕ್ಷಕರು ಉಣ್ಣೆ ಕೋಟಿನ ವಯಸ್ಸಾದವರು, ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಪ್ರೊಫೆಸರು ಕೊಡೆಯನ್ನು ಬಾಗಿಲಲ್ಲಿ ಬಿಡದೆ ಜೊತೆಗೇ ಒಯ್ದರು. ಬಚ್ಚಲುಮನೆಯ ಕಿಂಡಿ ಮಹಡಿಯ ಕಿಟಕಿಯ ನೇರ ಕೆಳಗಿತ್ತು. ಮೇಲಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಕಾನ್ವೆಂಟಿನ ದೆಸೆಯಿಂದ ನನಗೆ ಒಂದೂ ಬಿಡದೆ ತಿಳಿಯುತ್ತಿತ್ತು. ಮೇಷ್ಟ್ರು, ಇನ್ನು ಕೆಲವು ನಿಮಿಷಕ್ಕೆ ಇದು ಬಿಡುತ್ತದೆ, ಗೋಡೆ ಇಷ್ಟು ಕಾದಾಗ ಎಂದು ಅಂಕಿ ಹೇಳಿದರು. ಹಾಗೆಯೇ ಆಯಿತು. ನಡುಕದ ಸದ್ದು ಕೇಳಿ ನಾನು ಮೊದಲ ಸಲ ಸಂತೋಷಪಟ್ಟೆ. ಕೋಲು ಕುಟ್ಟಿದ ಸದ್ದಾಯಿತು. ಸೌದೆ ಎಳೆದು ನೀರು ಚಿಮುಕಿಸಿದೆ.

ಮತ್ತೆ ಸೇರುವುದಕ್ಕೆ ಕಾಯಬೇಕಿತ್ತು. ಇಟ್ಟಿಗೆ ಗೋಡೆ ಯಾರ ಅವಸರಕ್ಕೂ ಆರುವುದಿಲ್ಲ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಪ್ರೊಫೆಸರು, ಇಷ್ಟು ಸಾಕು, ಇವರಿಗೆ ರೈಲಿದೆ ಎಂದು ಎದ್ದರು. ಅಷ್ಟರಲ್ಲಿ ಅತ್ತೆ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಹಣೆಗೆ ದೊಡ್ಡ ವಿಭೂತಿ ಇಟ್ಟುಕೊಂಡು ಬಾಗಿಲು ತುಂಬ ನಿಂತವರನ್ನು ದಾಟಿಕೊಂಡು ಹೋಗುವುದು ಯಾರಿಂದಲೂ ಆಗುವಂತಿರಲಿಲ್ಲ.

"ಸುಕ್ರವಾರ ಬಂದೋರು ಬರೀ ಬಾಯಲ್ಲಿ ಹೋಗ್ಬಾರ್ದು. ಕುಂತ್ಕಳಿ ಸಾಮಿ."

ಅವರು ಕುಳಿತರು. ಎರಡನೆಯ ಸಲ ಬಡಿಸುವಾಗ ಊಂವ್ ಊಂವ್ ನಿಧಾನವಾಯಿತು, ಒಂದೊಂದರ ನಡುವೆ ಉಸಿರೆಳೆದಷ್ಟು ಅಂತರ ಬಂತು, ಆಮೇಲೆ ಒಂದೇ ಸಮನೆ ಊಂ. ಯಾರೋ ತಟ್ಟೆಯನ್ನು ಕೆಳಗಿಟ್ಟ ಸದ್ದು ಕೇಳಿಸಿತು.

ಅಷ್ಟಕ್ಕೆ ಮುಗಿಯಲಿಲ್ಲ. ಪರೀಕ್ಷಕರು ನಾನು ವಾರದ ಹೆಸರನ್ನೂ ಸೇರಿಸಿ ಬರೆದ ಪ್ರತಿಯನ್ನು ತಿರುವುತ್ತಾ, ಎಲ್ಲವೂ ಸರಿ, ಈ ಸೋಮವಾರಕ್ಕೆ ಏನು ಕಾರಣ ಎಂದು ಕೇಳಿದರು. ಮೇಷ್ಟ್ರು ಗೊತ್ತಿಲ್ಲ ಎಂದರು. ಅದೊಂದನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದರು ಪ್ರೊಫೆಸರು. ಮೇಷ್ಟ್ರ ದನಿ ತಗ್ಗಿತು. ಅದು ನಡೆದದ್ದು, ಆದ್ದರಿಂದ ಬರೆದೆ, ಕಾರಣ ನನಗೆ ಗೊತ್ತಿಲ್ಲ ಎಂದು ಇನ್ನೊಮ್ಮೆ ಹೇಳಿದರು. ಕೆಳಗೆ ನಾನು ನಂದಿದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದೆ. ಮೆಟ್ಟಿಲು ಹತ್ತಿ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಆ ಕಾಲದಲ್ಲಿ, ಮೂವರು ಗಂಡಸರ ಮುಂದೆ, ಆ ಮಾತು.

ಕೆಲವು ತಿಂಗಳ ಮೇಲೆ ಮೇಷ್ಟ್ರಿಗೆ ಡಾಕ್ಟರೇಟ್ ಬಂತು. ಕಾರಣ ತಿಳಿಯದ ಒಂದು ದಿನವನ್ನು ಮುಚ್ಚಿಡದವರ ಉಳಿದ ದಿನಗಳನ್ನು ನಾನು ನಂಬುತ್ತೇನೆ ಎಂದು ಪರೀಕ್ಷಕರು ಬರೆದಿದ್ದರಂತೆ. ಮೇಷ್ಟ್ರು ಮೈಸೂರುಪಾಕಿನ ಪೊಟ್ಟಣ ತಂದು ಅತ್ತೆಯ ಕೈಗಿಟ್ಟು ಇದನ್ನು ಹೇಳಿದರು. ಅಂದು ಒಳಗೆ ಬಂದ ಮೇಲೆ ಅತ್ತೆ, ನೀನು ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಬಿಡು ಎಂದು ನನ್ನ ತಲೆ ಸವರಿದರು. ಆ ಸೋಮವಾರದ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಬೇರೆ ಊರಿನ ಕಾಲೇಜಿನಲ್ಲಿ ಮೇಷ್ಟ್ರಿಗೆ ಪಾಠ ಹೇಳುವ ಕೆಲಸವೇ ಸಿಕ್ಕಿತು. ಸಾಮಾನು ಕಟ್ಟುತ್ತಿದ್ದಾಗ ನಾನು ಕಾಫಿ ಒಯ್ದೆ. ಅಷ್ಟು ಹೊತ್ತಿಗೆ ನನಗೂ ಒನಕೆ ಬಂದಿತ್ತು. ಹಿಂದಿನ ದಿನ ನಾನೂ ಅತ್ತೆಯೂ ಕುಟ್ಟುವುದನ್ನು ಅವರು ಕಿಟಕಿಯಿಂದ ನೋಡಿದ್ದರಂತೆ. ನಾನು ನಗುತ್ತಾ, ನಾನೂ ಈ ಮನೆಯ ಲಯಕ್ಕೆ ಬಿದ್ದುಬಿಟ್ಟೆ ಮೇಷ್ಟ್ರೇ, ಇನ್ನು ನನ್ನದೆಂಬುದು ಏನೂ ಉಳಿದಿಲ್ಲ ಎಂದೆ. ಅವರು ನಗಲಿಲ್ಲ. ಲೋಟವನ್ನು ಆ ಬೆರಳಲ್ಲಿ ಹಿಡಿದು ಯೋಚಿಸಿದರು.

"ಹಾಗಲ್ಲ ಕಣಮ್ಮ. ವೇಗ ಒಂದೇ ಆಗತ್ತೆ, ನಿಜ. ಆದ್ರೆ ಸೇರಿಕೊಂಡದ್ದು ಒಂದು ಚೂರು ಹಿಂದೋ ಮುಂದೋ ಇದ್ದೇ ಇರತ್ತೆ. ಆ ಚೂರು ಕೊನೇವರೆಗೂ ಅದರದ್ದೇ. ನಾನು ಅಳೆದಿದ್ದೀನಿ."

ಆಮೇಲೆ ದೀಪಾವಳಿಗೊಂದು ಕಾಗದ ಬರೆಯುತ್ತಿದ್ದರು. ನನಗೆ ಮಗಳು ಹುಟ್ಟಿದಾಗ, ಈಗ ನಿಜವಾಗಿ ದಿನವೂ ಹಂಡೆ ಕಾಯುತ್ತಿರಬೇಕು ಎಂದು ಅತ್ತೆಗೆ ಬರೆದಿದ್ದರು. ಆ ದಶಕ ಮುಗಿಯುವ ಮುನ್ನವೇ, ಐವತ್ತೂ ತುಂಬದೆ, ಪಾಠ ಹೇಳಿ ಬಂದವರು ಕುರ್ಚಿಯಲ್ಲಿ ಕುಳಿತಲ್ಲೇ ಹೋದರು. ಎದೆಯ ಕಾಯಿಲೆ ಎಂದರು. ಹಾಸನದ ಅಕ್ಕ ಮೈಸೂರಿಗೆ ಬಂದಾಗ ನಮ್ಮ ಮನೆ ಹುಡುಕಿಕೊಂಡು ಬಂದು, ಇದನ್ನು ನಿಮಗೆ ಕೊಡಬೇಕೆಂದು ರಟ್ಟಿನ ಮೇಲೆ ಬರೆದಿಟ್ಟಿದ್ದ ಎಂದು ಒಂದು ಪುಸ್ತಕ ಕೊಟ್ಟರು. ನಾನು ಬರೆದ ಪ್ರತಿಯಲ್ಲ, ಅವರದೇ ಇರುವೆ ಸಾಲಿನ ಮೂಲ ಪುಸ್ತಕ.

ಅಕ್ಕ ಹೋದ ಮೇಲೆ ಜಗಲಿಯಲ್ಲಿ ಕುಳಿತು ತೆರೆದೆ. ಪ್ರತಿಯೊಂದು ಗುರುತಿನ ಮುಂದೆಯೂ ಮೇಷ್ಟ್ರು ಆಮೇಲೆ 'ಹಂಡೆ' ಎಂದು ಬರೆದಿದ್ದರು. ಹಂಡೆ, ಹಂಡೆ, ಹಂಡೆ, ಪುಟದಿಂದ ಪುಟಕ್ಕೆ. ಸೋಮವಾರದ ಮುಂದೆ ಮಾತ್ರ ಬೇರೆ. ಅಲ್ಲಿ 'ವಿದ್ಯುತ್ ಏರಿಳಿತ?' ಎಂದಿತ್ತು, ಹೊಡೆದು ಹಾಕಿತ್ತು. ಬೇರೆ ಶಾಯಿಯಲ್ಲಿ 'ಬ್ಯಾಟರಿ?' ಎಂದಿತ್ತು, ಅದನ್ನೂ ಹೊಡೆದು ಹಾಕಿತ್ತು. ಇನ್ನೂ ಒಂದೆರಡು. ವರ್ಷಗಳ ಕಾಲ ಆಗಾಗ ಆ ಪುಟಕ್ಕೆ ಮರಳಿ ಬಂದಿದ್ದರೆಂದು ಶಾಯಿಯ ಬಣ್ಣಗಳೇ ಹೇಳುತ್ತಿದ್ದವು. ಕೊನೆಯದನ್ನು ಹೊಡೆದಿರಲಿಲ್ಲ.

'ನನ್ನ ತಪ್ಪೇ?'

ಒಳಗೆ ಹೋಗಿ ಮಗಳ ಪೆನ್ಸಿಲು ತಂದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಎದುರಿಗೇ ಕುಳಿತಿದ್ದರು. ಮೇಷ್ಟ್ರ ಕೊನೆಯ ಸಾಲನ್ನು ಅವರೇ ಹೊಡೆಯುತ್ತಿದ್ದ ಹಾಗೆ ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ಉಳಿದಿದ್ದ ಸ್ವಲ್ಪ ಜಾಗದಲ್ಲಿ ಬರೆದೆ: ಹಂಡೆ.